ಸಮದೃಷ್ಟಿಯ ಮೇಣದಬತ್ತಿ

ಸ್ಟೋರ್ಲಿ, ಉತ್ತರ ಡಕೋಟ
ಭಾನುವಾರ, 27 ಏಪ್ರಿಲ್ 1986

ನನ್ನ ಪ್ರೀತಿಯ ಮಾರಿತ್,

ಹೇಗಿದ್ದೀಯ ಮಗಳೇ? ಬೆನ್ನುನೋವು ಕಡಿಮೆಯಾಯಿತೇ? ಬಸ್ಸಿನ ಸೀಟಿಗೆ ಒಂದು ದಿಂಬು ಇಟ್ಟುಕೋ ಎಂದು ಕಳೆದ ಪತ್ರದಲ್ಲಿ ಬರೆದಿದ್ದೆ. ನೀನು ಇಟ್ಟುಕೊಂಡಿರುವುದಿಲ್ಲ, ನನಗೆ ಗೊತ್ತು. ಟಕೋಮಾದ ಆ ಏರುಬೀದಿಗಳಲ್ಲಿ ದಿನಕ್ಕೆ ಎಂಟು ಗಂಟೆ ಬಸ್ಸು ಓಡಿಸುವವಳು ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಬೇಕು. ಚಳಿಗಾಲದಿಂದ ಹಿಡಿದುಕೊಂಡ ಕೆಮ್ಮು ಹೋಯಿತೋ ಇಲ್ಲವೋ? ಇಲ್ಲಿ ನಾವು ಚೆನ್ನಾಗಿದ್ದೇವೆ. ಗ್ಯಾರೇಜಿನ ಹಿಂದಿನ ಗೋಡೆಯ ಬುಡದಲ್ಲಿ ಇನ್ನೂ ಒಂದು ಮೊಳ ಹಿಮ ಕೊಳಕಾಗಿ ಬಿದ್ದಿದೆ. ಆದರೂ ನಿನ್ನಪ್ಪ ಖಾಲಿ ಕಾಫಿ ಡಬ್ಬಿಗಳಲ್ಲಿ ಟೊಮೆಟೊ ಸಸಿ ಎಬ್ಬಿಸಿ ಅಡುಗೆಮನೆಯ ಕಿಟಕಿಯ ತುಂಬ ಸಾಲಾಗಿ ಇಟ್ಟಿದ್ದಾರೆ. ಅಂಗಳಕ್ಕೆ ಯಾರ ಕಾರು ಬಂತು ಎಂದು ನೋಡಬೇಕಾದರೆ ನಾನು ಎಲೆ ಸರಿಸಿ ಇಣುಕಬೇಕು. ಅವರ ಸೊಂಟದ ನೋವು ಹಾಗೇ ಇದೆ. ಡಾಕ್ಟರು ಕೋಲು ಹಿಡಿದು ನಡೆಯಿರಿ ಎಂದರೆ, "ಕೋಲು ಮುದುಕರಿಗೆ" ಎಂದು ಅದನ್ನು ಬಾಗಿಲ ಹಿಂದೆ ನಿಲ್ಲಿಸಿದ್ದಾರೆ. ಇವರಿಗೆ ಬರುವ ಸೆಪ್ಟೆಂಬರಿಗೆ ಅರವತ್ತೇಳು.

ಫೋನಿನಲ್ಲಿ ಹೇಳಬಹುದಾಗಿತ್ತು ಎಂದುಕೊಳ್ಳುತ್ತೀಯ. ಪ್ರತಿ ಭಾನುವಾರ ನೀನು ಫೋನು ಮಾಡಿದಾಗ ಅಪ್ಪನ ಹತ್ತಿರ ಹತ್ತು ನಿಮಿಷ ಮಾತಾಡುತ್ತೀಯ. ನನ್ನ ಸರದಿ ಬಂದಾಗ "ಎಲ್ಲ ಚೆನ್ನಾಗಿದೆ, ಮಿಸೆಸ್ ರಸ್ಟಾಡ್" ಎಂದು ನಕ್ಕು, ನಾನೂ ನಕ್ಕು, ಅಷ್ಟರಲ್ಲಿ ಮಾತು ಮುಗಿದಿರುತ್ತದೆ. ನಾನು ದೂರು ಹೇಳುತ್ತಿಲ್ಲ. ಆ ಒಂದು ನಿಮಿಷದಲ್ಲಿ ಹಿಡಿಸುವ ವಿಷಯ ಇದಲ್ಲ ಎಂದು ಪೆನ್ನು ಹಿಡಿದಿದ್ದೇನೆ. ಇದು ಮೂರನೆಯ ಸಲ ಬರೆಯುತ್ತಿರುವುದು. ಮೊದಲಿನ ಎರಡನ್ನೂ ಹರಿದು ಒಲೆಗೆ ಹಾಕಿದೆ.

ಸುದ್ದಿ ಏನೆಂದರೆ, ಶಿಕ್ಷಕಿಯರ ಗೌರವ ಸಂಘದವರು ನನ್ನನ್ನು ಕರೆದಿದ್ದಾರೆ. ನಗಬೇಡ. ಮೂವತ್ತೊಂದು ವರ್ಷ ಪಾಠ ಹೇಳಿ, ಮುಂದಿನ ವರ್ಷ ನಿವೃತ್ತಿ ಎನ್ನುವಾಗ ಕರೆ ಬಂದಿದೆ. ಅದಕ್ಕೆ ಅರ್ಜಿ ಹಾಕುವಂತಿಲ್ಲ, ಕೇಳುವಂತಿಲ್ಲ. ಒಳಗಿರುವವರೇ ಯಾರಾದರೂ ಹೆಸರು ಎತ್ತಬೇಕು, ಉಳಿದವರು ಒಪ್ಪಬೇಕು. ಕೌಂಟಿಯ ಶಿಕ್ಷಕರ ಸಭೆಗಳಲ್ಲಿ ಕೋಟಿನ ಎದೆಯ ಮೇಲೆ ಬೆರಳ ಉಗುರಿನಷ್ಟು ಬಂಗಾರದ ಪಿನ್ನು ಚುಚ್ಚಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹೆಂಗಸರು ನಿನಗೆ ನೆನಪಿರಬಹುದು. ನಾನು ಅವರನ್ನು ಗಮನಿಸದವಳ ಹಾಗೆ ಹಿಂದೆ ಕೂತು ಹೆಣೆಯುತ್ತಿದ್ದೆ. ನಿಜ ಹೇಳುತ್ತೇನೆ, ಇಪ್ಪತ್ತು ವರ್ಷ ಆ ಪಿನ್ನಿನ ಮೇಲೆಯೇ ನನ್ನ ಕಣ್ಣಿತ್ತು. ಮಾರ್ಚಿನಲ್ಲಿ ಲಕೋಟೆ ಬಂದ ದಿನ ಅಂಚೆಡಬ್ಬಿಯ ಹತ್ತಿರವೇ ಕೆಸರಿನಲ್ಲಿ ನಿಂತು ಓದಿದೆ, ಒಳಗೆ ಬಂದು ಕೋಟನ್ನೂ ಬಿಚ್ಚದೆ ಅತ್ತೆ. ನಿನ್ನಪ್ಪ ಗಾಬರಿಯಾಗಿ, "ಯಾರು ಹೋದ್ರೇ?" ಎಂದು ಕೇಳಿದರು. ನನ್ನ ಹೆಸರು ಎತ್ತಿದವರು ಅರ್ಡಿಸ್ ಕ್ವಾಮ್, ನಿನ್ನ ನಾಲ್ಕನೆಯ ತರಗತಿಯ ಟೀಚರ್. ಅವರಿಗೀಗ ಎಪ್ಪತ್ತನಾಲ್ಕು. ಹೃದಯ ಕೈಕೊಡುತ್ತಿದೆ, ನಾಲಿಗೆ ಮಾತ್ರ ಮೊದಲಿನ ಹಾಗೇ ಇದೆ. "ಎರಡು ಸಲ ನಿನ್ನ ಹೆಸರು ಹೇಳಿದೀನಿ ಕಣೇ ಥೋರಾ, ಎರಡು ಸಲಾನೂ ಯಾರೋ ಸೂಪರಿಂಟೆಂಡೆಂಟ್ ಹೆಂಡ್ತಿ ಅಡ್ಡ ಬಂದ್ಲು. ಈ ಸಲ ನಾನು ಸಾಯೋದ್ರೊಳಗೆ ಮಾಡಿಕೊಡಿ ಅಂದೆ. ಸಾಯೋರ ಮಾತು ತೆಗೆದುಹಾಕೋಕೆ ಯಾರಿಗೂ ಧೈರ್ಯ ಬರಲ್ಲ ನೋಡು" ಎಂದು ಗೆದ್ದವರ ಹಾಗೆ ಹೇಳಿದರು.

ಕಾರ್ಯಕ್ರಮ ಮೇ ಹತ್ತರ ಶನಿವಾರ, ನಮ್ಮ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ. ಅಲ್ಲಿನ ವಾಸನೆ ನಿನಗೆ ಗೊತ್ತಿದೆ, ಹಳೆಯ ಕಾಫಿ ಮತ್ತು ಒದ್ದೆ ಬೂಟು. ಮೇಜಿನ ಮೇಲೆ ಐದು ಮೇಣದಬತ್ತಿ ಇಡುತ್ತಾರೆ: ಜ್ಞಾನ, ತಾಳ್ಮೆ, ಸೇವೆ, ಧೈರ್ಯ, ಸಮದೃಷ್ಟಿ. ಒಬ್ಬೊಬ್ಬ ಹೊಸಬಳಿಗೆ ಒಂದೊಂದು ಬತ್ತಿ. ಅವಳ ಹೆಸರು ಎತ್ತಿದವರು ಯಾವ ಗುಣಕ್ಕಾಗಿ ಎತ್ತಿದರೋ ಆ ಬತ್ತಿಯನ್ನು ಅವಳೇ ಹಚ್ಚಬೇಕು. ಅದಕ್ಕೂ ಮೊದಲು ಅವರು ಬರೆದ ಸಾಕ್ಷಿಪತ್ರವನ್ನು ಎಲ್ಲರ ಮುಂದೆ ಓದುತ್ತಾರೆ. ಓದಿ ಮುಗಿದ ಮೇಲೆ ಅಧ್ಯಕ್ಷೆ, "ಇಲ್ಲಿ ಹೇಳಿರುವುದು ನಿಜವೇ?" ಎಂದು ಕೇಳುತ್ತಾರೆ. ಹೊಸಬಳು "ನಿಜ" ಎನ್ನಬೇಕು. ಆಮೇಲೆ ಬತ್ತಿ, ಆಮೇಲೆ ದೊಡ್ಡ ಪುಸ್ತಕದಲ್ಲಿ ಸಹಿ, ಆಮೇಲೆ ಪಿನ್ನು, ಆಮೇಲೆ ಊಟ. ಸುಮ್ಮನೆ ಹೊಗಳಿಸಿಕೊಂಡು ಕೂರಬಾರದು, ಹೊಗಳಿಕೆಗೆ ತಾನೇ ಜವಾಬು ಕೊಡಬೇಕು ಎಂದು ಹಿಂದಿನವರು ಮಾಡಿಟ್ಟ ಪದ್ಧತಿ. ನಿನ್ನಪ್ಪನಿಗೆ ಇದೆಲ್ಲ ತಮಾಷೆ. "ಒಂದು ಮೇಣದಬತ್ತಿ ಹಚ್ಚೋಕೆ ಹದಿನೈದು ದಿನ ತಯಾರಿ ಮಾಡ್ಕೊತಿದ್ದಾಳೆ, ನಾನು ಇಡೀ ಧಾನ್ಯದ ಗೋದಾಮು ನೋಡ್ಕೊಂಡೆ, ಒಬ್ರೂ ಒಂದು ಬೆಂಕಿಕಡ್ಡಿ ಕೊಡ್ಲಿಲ್ಲ" ಎಂದು ಚರ್ಚಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ನಾನೂ ಖುಷಿಯಾಗಿಯೇ ಇದ್ದೆ. ನೀಲಿ ಉಡುಪಿನ ಅಂಚು ಇಳಿಸಿದೆ. ಪದ್ಧತಿಯಂತೆ ಎರಡು ವಾರ ಮೊದಲೇ ಸಾಕ್ಷಿಪತ್ರದ ಪ್ರತಿ ನಮ್ಮ ಕೈಗೆ ಬರುತ್ತದೆ, ಸುಳ್ಳಿದ್ದರೆ ತಿದ್ದಲಿ ಎಂದು. ಅದು ಗುರುವಾರ ಬಂತು.

ಅರ್ಡಿಸ್ ಆ ಸೊಟ್ಟ ಬೆರಳುಗಳಿಂದ ಎರಡು ಪುಟ ಟೈಪ್ ಮಾಡಿದ್ದಾರೆ. ಮೊದಲ ಪುಟ ಓದಿ ಮುಖ ಕೆಂಪಾಯಿತು, ಹಿತವಾಗಿಯೇ ಕೆಂಪಾಯಿತು. ಓದಲು ಬಾರದ ಡೆಲ್ಮರ್‌ಗೆ ಅವನಪ್ಪನ ಟ್ರ್ಯಾಕ್ಟರಿನ ಕೈಪಿಡಿ ಇಟ್ಟುಕೊಂಡು ಓದು ಕಲಿಸಿದ್ದು, ಎರಡು ಮೈಲಿ ನಡೆದು ಬರುತ್ತಿದ್ದ ಆ ಅಕ್ಕತಂಗಿಯರಿಗೆ ನಾನು ಒಣ ಕಾಲುಚೀಲ ಇಟ್ಟಿರುತ್ತಿದ್ದದ್ದು, ಅದೆಲ್ಲ ಇದೆ. ಎರಡನೆಯ ಪುಟದ ನಡುವೆ ಹೀಗಿದೆ, ಅವರ ಮಾತಿನಲ್ಲೇ ಬರೆಯುತ್ತೇನೆ: "ಇವರ ಸ್ವಂತ ಮಗಳು ಒಂದು ವರ್ಷ ಇವರ ತರಗತಿಯಲ್ಲಿ ಕುಳಿತಿದ್ದಳು. ಆ ವರ್ಷ ಇವರು ಆ ಮಗುವಿಗೆ ಒಂದು ಕೂದಲಿನಷ್ಟೂ ಹೆಚ್ಚು ಕೊಡಲಿಲ್ಲ. ಇದನ್ನು ನಾನು ಒಂದು ದಿನ ಕಣ್ಣಾರೆ ಕಂಡೆ. ಸಮದೃಷ್ಟಿ ಎಂದರೆ ಏನೆಂದು ನಾನು ಕಲಿತದ್ದು ಆ ದಿನ." ಅದಕ್ಕಾಗಿ ನನಗೆ ಸಮದೃಷ್ಟಿಯ ಬತ್ತಿ. ಓದಿದವಳು ಹಾಗೇ ಕುರ್ಚಿಯಲ್ಲಿ ಕುಳಿತೆ. ಒಲೆಯ ಮೇಲೆ ಆಲೂಗಡ್ಡೆ ಸೀದು ಹೊಗೆ ಬಂದ ಮೇಲೆ ನಿನ್ನಪ್ಪ ಬಂದು ಆರಿಸಿದರು.

ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುವುದು ಹುಚ್ಚುತನ. ಆದರೂ ಹೇಳುತ್ತೇನೆ. ನನ್ನ ಕಡೆಯಿಂದ ಇದು ಹೇಗಿತ್ತು ಎಂದು ನಾನು ನಿನಗೆ ಒಮ್ಮೆಯೂ ಹೇಳಿಲ್ಲ. ಈ ಊರಿನಲ್ಲಿ ಮೂರನೆಯ ತರಗತಿ ಒಂದೇ, ಅದರ ಟೀಚರ್ ನಾನೊಬ್ಬಳೇ. ನೀನು ಎಂಟು ವರ್ಷದವಳಾದಾಗ ಬೇರೆ ದಾರಿಯಿರಲಿಲ್ಲ. ಶಾಲೆ ಶುರುವಾಗುವ ಹಿಂದಿನ ದಿನ ಅಡುಗೆಮನೆಯ ಮೇಜಿನ ಮುಂದೆ ನಿನ್ನನ್ನು ಕೂರಿಸಿ, ಶಾಲೆಯ ಬಾಗಿಲಿನ ಒಳಗೆ ನಾನು ಮಿಸೆಸ್ ರಸ್ಟಾಡ್, ಹೊರಗೆ ಬಂದ ಮೇಲೆ ಅಮ್ಮ ಎಂದು ಹೇಳಿಕೊಟ್ಟೆ. ನಿನಗೆ ಅದೊಂದು ಆಟ. ಬಾಗಿಲಿನ ಒಳಗೊಂದು ಕಾಲು, ಹೊರಗೊಂದು ಕಾಲು ಇಟ್ಟು "ಈಗ ಯಾರು?" ಎಂದು ಕೇಳುತ್ತಿದ್ದೆ. ಅಕ್ಟೋಬರಿನಲ್ಲಿ ನೀನು ತರಗತಿಯ ಸ್ಪೆಲ್ಲಿಂಗ್ ಸ್ಪರ್ಧೆ ಗೆದ್ದೆ. ಮಾರನೆಯ ದಿನ ದಿನಸಿ ಅಂಗಡಿಯಲ್ಲಿ, ನಾನು ಹಿಟ್ಟಿನ ಚೀಲಗಳ ಆಚೆ ಇದ್ದೇನೆಂದು ತಿಳಿಯದೆ, ಮಿಸೆಸ್ ಹಾಗನ್ ಹೇಳುತ್ತಿದ್ದರು: "ಗೆಲ್ಲದೆ ಏನು ಮಾಡ್ತಾಳೆ, ಪದಗಳ ಪಟ್ಟಿ ರಾತ್ರಿ ಊಟದ ತಟ್ಟೆ ಪಕ್ಕದಲ್ಲೇ ಇರತ್ತಲ್ಲ." ಅದು ಸುಳ್ಳು. ಆ ಪಟ್ಟಿಯನ್ನು ನಾನು ಶಾಲೆಯಲ್ಲೇ ಬೀಗ ಹಾಕಿ ಬರುತ್ತಿದ್ದೆ. ಆದರೆ ನಾನು ಮುಂದೆ ಹೋಗಿ ಅವರಿಗೆ ಹಾಗೆಂದು ಹೇಳಲಿಲ್ಲ. ಹಿಟ್ಟು ಕೊಳ್ಳದೆ ಹಿಂದಿನ ಬಾಗಿಲಿನಿಂದ ಮನೆಗೆ ಬಂದೆ, ಅವತ್ತಿನಿಂದ ಅವರಿಗೆ ಕೊಡಬೇಕಾದ ಉತ್ತರವನ್ನೆಲ್ಲ ನಿನ್ನ ಮೇಲೆ ತೀರಿಸಿದೆ. ನಿನ್ನ ಲೆಕ್ಕದ ಹಾಳೆಗಳನ್ನು ಎರಡು ಸಲ ತಿದ್ದುತ್ತಿದ್ದೆ, ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು. ಕ್ರಿಸ್‌ಮಸ್ ನಾಟಕದಲ್ಲಿ ನಿನ್ನನ್ನು ಕುರಿ ಮಾಡಿದೆ, ಅದೂ ಹಿಂದಿನ ಸಾಲಿನ ಕುರಿ. ನೀನು ಕೈ ಎತ್ತಿದರೆ ಉತ್ತರ ಕೇಳುವುದನ್ನೇ ಬಿಟ್ಟೆ. ಮೊದಮೊದಲು ಲೆಕ್ಕವಿಟ್ಟು ಬಿಡುತ್ತಿದ್ದೆ, ಆಮೇಲೆ ಅದು ಅಭ್ಯಾಸವಾಯಿತು.

ಫೆಬ್ರವರಿಯ ಆ ದಿನಕ್ಕೆ ಬರುತ್ತೇನೆ. ಬರೆಯಲು ಕೈ ಬರುತ್ತಿಲ್ಲ, ಎದ್ದು ಹೋಗಿ ಕಾಫಿ ಕುಡಿದು ಬಂದೆ. ಹೊಸ ರೀತಿಯ ಗಣಿತ ಆಗ ತಾನೇ ಬಂದಿತ್ತು. ನಾನು ಅದನ್ನು ಹೇಗೆ ಕಲಿಸುತ್ತೇನೆಂದು ನೋಡಿ ಬರಲು ಹೆಡ್‌ಮಾಸ್ಟರು ಅರ್ಡಿಸ್ ಅವರನ್ನು ಕಳಿಸಿದ್ದರು. ಅವರು ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಪುಸ್ತಕ ತೆರೆದು ಕುಳಿತಿದ್ದರು. ನೀನು ಕೈ ಎತ್ತಿದೆ. ಶೌಚಕ್ಕೆ ಹೋಗಬೇಕಾಗಿತ್ತು ನಿನಗೆ. ಅನುಮತಿ ಇಲ್ಲದೆ ಯಾರೂ ಏಳಬಾರದು ಎಂಬ ನಿಯಮ ನಾನೇ ಮಾಡಿದ್ದು. ನಾನು ಬೋರ್ಡಿನ ಕಡೆ ತಿರುಗಿದ್ದೆ, ಉದ್ದನೆಯ ಲೆಕ್ಕವೊಂದನ್ನು ಬರೆಯುತ್ತಿದ್ದೆ, ನೋಡಲಿಲ್ಲ. ಯಾರೋ ಹುಡುಗರು ನಗುವುದು ಕೇಳಿ ತಿರುಗಿದಾಗ ಎಲ್ಲ ಮುಗಿದಿತ್ತು. ನಿನ್ನ ಕಂದು ಬಣ್ಣದ ಉಣ್ಣೆಯ ಕಾಲುಚೀಲ ಮಂಡಿಯಿಂದ ಕೆಳಗೆ ಕಪ್ಪಾಗಿತ್ತು, ಸೀಟಿನ ಕೆಳಗೆ ನೀರು. ಆಗಲಾದರೂ ನಾನು ನಿನ್ನ ಅಮ್ಮನಾಗಬಹುದಿತ್ತು. ಬೇರೆ ಯಾವ ಮಗುವಾಗಿದ್ದರೂ ಕೋಟು ಸುತ್ತಿ ಹೊರಗೆ ಕರೆದುಕೊಂಡು ಹೋಗುತ್ತಿದ್ದೆ, ಹಾಗೆ ಎಷ್ಟು ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ನಿನಗೆ ಮಾತ್ರ, ಇಪ್ಪತ್ತಾರು ಮಕ್ಕಳ ಮುಂದೆ, "ಒರೆಸುವ ಬಟ್ಟೆ ಸಿಂಕಿನ ಕೆಳಗಿದೆ ಮಾರಿತ್, ಯಾರೇ ಆದರೂ ತಾವೇ ಒರೆಸಬೇಕು" ಎಂದೆ. ನೀನು ಒರೆಸಿದೆ. ಮಂಡಿಯೂರಿ, ಮೂಲೆಮೂಲೆಯನ್ನೂ, ನಾನು ಮನೆಯಲ್ಲಿ ಕಲಿಸಿದ್ದ ಹಾಗೆಯೇ ಒರೆಸಿದೆ. ಗಂಟೆ ಹೊಡೆದ ಮೇಲೆ ಅರ್ಡಿಸ್ ನನ್ನ ಕೈ ಹಿಡಿದು, "ನನ್ನ ಕೈಲಿ ಆಗ್ತಿರ್ಲಿಲ್ಲ ಕಣೇ ಥೋರಾ, ನಿಜವಾಗ್ಲೂ ಆಗ್ತಿರ್ಲಿಲ್ಲ" ಎಂದರು. ಅವರ ಕಣ್ಣಿನಲ್ಲಿ ಮೆಚ್ಚುಗೆಯಿತ್ತು. ನನಗೆ ಹೆಮ್ಮೆಯಾಯಿತು, ಮಾರಿತ್. ನೀನು ಒದ್ದೆ ಕಾಲುಚೀಲದಲ್ಲಿ ಗಣಿತ ಮುಗಿಸುತ್ತಿದ್ದಾಗ ನಿನ್ನ ಅಮ್ಮನಿಗೆ ಹೆಮ್ಮೆಯಾಯಿತು.

ಆ ಸಂಜೆ ಮನೆಗೆ ಬರುವಾಗ, ಬಾಗಿಲು ದಾಟಿ ಎಷ್ಟು ದೂರ ಬಂದರೂ ನೀನು ನನ್ನನ್ನು ಅಮ್ಮ ಎನ್ನಲಿಲ್ಲ. ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಬೇಸಿಗೆ ಬಂತು, ನೀನು ಅರ್ಡಿಸ್ ತರಗತಿಗೆ ಹೋದೆ, ಹೈಸ್ಕೂಲು ಮುಗಿಯಿತು. ಪದವಿಯ ಟೋಪಿ ಹಾಕಿಕೊಂಡು ವೇದಿಕೆಯಿಂದ ಇಳಿದು ಬಂದು ನನ್ನ ಕೈ ಕುಲುಕಿ, "ಥ್ಯಾಂಕ್ಯೂ, ಮಿಸೆಸ್ ರಸ್ಟಾಡ್" ಎಂದೆ. ಸುತ್ತಲಿದ್ದವರೆಲ್ಲ ನಕ್ಕರು, ಎಂಥ ಚೂಟಿ ಹುಡುಗಿ ಎಂದರು. ನಾನೂ ನಕ್ಕೆ. ಇಪ್ಪತ್ತೈದು ವರ್ಷದಿಂದ ನಗುತ್ತಲೇ ಇದ್ದೇನೆ. ನಡುವೆ ಒಂದೆರಡು ಸಲ ಆ ಮಾತು ಬಂದಾಗ, "ನಾನು ನೋಡಲಿಲ್ಲ ಕಣೇ, ನೋಡಿದ್ದರೆ ಕಳಿಸುತ್ತಿರಲಿಲ್ಲವೇ?" ಎಂದಿದ್ದೇನೆ. ನೀನು "ಇರಲಿ ಬಿಡಿ" ಎಂದಿದ್ದೀಯ.

ಈಗ ನನ್ನ ಗತಿ ನೋಡು. ಹತ್ತನೆಯ ತಾರೀಖು ಅರವತ್ತು ಜನರ ಮುಂದೆ ಆ ಸಾಲನ್ನು ಓದಿ ನಿಜವೇ ಎಂದು ಕೇಳುತ್ತಾರೆ. ನಿಜ ಎಂದರೆ ನಿನ್ನ ಮಂಡಿಯ ಮೇಲೆ ಇನ್ನೊಮ್ಮೆ ಕಾಲಿಟ್ಟು ಪಿನ್ನು ಚುಚ್ಚಿಸಿಕೊಂಡ ಹಾಗೆ. ಅಲ್ಲ ಎಂದರೆ ಅರ್ಡಿಸ್ ಸುಳ್ಳು ಸಾಕ್ಷಿ ಬರೆದಂತಾಗುತ್ತದೆ. ಅವರ ಎದೆ ಆ ಆಘಾತವನ್ನು ತಡೆಯುತ್ತದೋ ಇಲ್ಲವೋ. ಮೊದಲೇ ಹೋಗಿ ಆ ಸಾಲು ಹೊಡೆದುಹಾಕಿ ಎನ್ನಬಹುದು, ಆದರೆ ಯಾಕೆ ಎಂದು ಕೇಳದೆ ಬಿಡುವ ಹೆಂಗಸು ಅವರಲ್ಲ. ನಿನ್ನಪ್ಪನನ್ನು ಕೇಳಿದೆ. "ನಿಜ ಅಂದ್ಬಿಡೇ, ಒಂದು ಮಾತು, ಆಮೇಲೆ ಊಟ" ಎಂದರು. ಅರ್ಧ ಗಂಟೆ ಬಿಟ್ಟು ಟೊಮೆಟೊ ಡಬ್ಬಿಗೆ ನೀರು ಹಾಕುತ್ತಾ, ನನ್ನ ಕಡೆ ತಿರುಗದೆ, "ಮಾರಿತ್‌ನ ಕೇಳಿದ್ಯಾ?" ಎಂದರು. ಅವರಿಗೆ ಎಷ್ಟು ಗೊತ್ತೋ, ನನಗೆ ಗೊತ್ತಿಲ್ಲ. ಅವತ್ತು ಒಲೆಯ ಮೇಲಿನ ಹಗ್ಗದಲ್ಲಿ ನಿನ್ನ ಕಾಲುಚೀಲ ಒಣಗುತ್ತಿದ್ದುದನ್ನು ಅವರೂ ನೋಡಿದ್ದರು, ಏನೂ ಕೇಳಿರಲಿಲ್ಲ.

ಶುಕ್ರವಾರ ತರಗತಿಯಲ್ಲಿ, ಹಿಂದೆ ಕೊಟ್ಟಿದ್ದ ಪದಗಳ ಪಟ್ಟಿಯನ್ನೇ ಮತ್ತೆ ಕೊಟ್ಟೆ. ಯಾರ ಕೈಯನ್ನೂ ಬಿಡಬಾರದು ಎಂದು ಕಣ್ಣರಳಿಸಿಕೊಂಡು ನಿಂತು, ಯಾರ ಮೊಣಕೈ ಅಲುಗಿದರೂ ಹೆಸರು ಕೂಗಿದೆ. ಹಿಂದಿನ ಬೆಂಚಿನ ಕೋರಿ, "ಮಿಸೆಸ್ ರಸ್ಟಾಡ್, ನಾನು ಕೈ ಎತ್ತಿಲ್ಲ, ತಲೆ ಕೆರ್ಕೊತಿದ್ದೆ ಅಷ್ಟೇ" ಎಂದ. ಇಡೀ ತರಗತಿ ನಕ್ಕಿತು. ಆ ನಗು ಕೇಳಿ ನಾನು ಬೆಂಚುಗಳ ಕೆಳಗೆ ನೋಡಿದೆ, ಪಾಪ ಆ ಮಕ್ಕಳಿಗೇನು ಗೊತ್ತು. ಪ್ರತಿ ವರ್ಷ ತರಬೇತಿಗೆ ಬರುವ ಹುಡುಗಿಯರಿಗೆ, ಮಗುವಿನ ಮುಖ ನೋಡಿ, ಮನೆತನದ ಹೆಸರು ನೋಡಬೇಡಿ ಎಂದು ನಾನೇ ಹೇಳುತ್ತೇನೆ. ನಿನ್ನ ಮನೆತನದ ಹೆಸರು ಬಿಟ್ಟು ಬೇರೇನನ್ನೂ ನಾನು ಆ ವರ್ಷ ನೋಡಲಿಲ್ಲ.

ಅದಕ್ಕೆ ಕೇಳುತ್ತಿದ್ದೇನೆ. ಆ ಮಾತು ನಿನ್ನದು, ನನ್ನ ಬಾಯಲ್ಲಿ ಅದನ್ನು ಹೇಳಬೇಕೋ ಬೇಡವೋ ನೀನೇ ಹೇಳು. ಹಾಗೇ ಇರಲಿ ಎಂದರೆ ಇರಲಿ. ನಿನ್ನ ವಿಷಯ ಎತ್ತಲೇಬಾರದು ಎಂದರೆ ಆ ಸಾಲು ತೆಗೆಸುತ್ತೇನೆ, ಕಾರಣ ಹೇಗೋ ಹೇಳಿಕೊಳ್ಳುತ್ತೇನೆ. ಎಲ್ಲರ ಮುಂದೆ ನಿಜ ಹೇಳು ಎಂದರೂ ಸರಿ, ಹೇಳುತ್ತೇನೆ. ಒಂಬತ್ತನೆಯ ತಾರೀಖಿನೊಳಗೆ ಫೋನು ಮಾಡು. ಕರೆಯ ದುಡ್ಡು ಈ ಕಡೆಗೇ ಹಾಕಿಸು. ಒಂದೇ ಮಾತಾದರೂ ಸಾಕು. ಆ ದಿನಕ್ಕೆ ಬಾ ಎಂದು ಕರೆಯುವ ಮುಖ ನನಗಿಲ್ಲ.

ಈ ಪತ್ರದ ಜೊತೆ ಬೇರೆ ಡಬ್ಬಿಯಲ್ಲಿ ನಿನಗಿಷ್ಟವಾದ ಖರ್ಜೂರದ ಬಿಸ್ಕತ್ತು ಕಳಿಸುತ್ತಿದ್ದೇನೆ, ದಾರಿಯಲ್ಲಿ ಪುಡಿಯಾದರೆ ಹಾಲಿಗೆ ಹಾಕಿಕೊಂಡು ತಿನ್ನು. ಅಪ್ಪ ಮುತ್ತು ಕಳಿಸಿದ್ದಾರೆ, ಬ್ರೇಕ್ ಸರಿಯಾಗಿ ನೋಡಿಕೋ ಎಂದಿದ್ದಾರೆ. ನಿನ್ನ ದಾರಿಗಳೆಲ್ಲ ಸುಗಮವಾಗಿರಲಿ, ನಿನ್ನ ಬಸ್ಸು ಹತ್ತಿದವರೆಲ್ಲ ಕ್ಷೇಮವಾಗಿ ಇಳಿಯಲಿ, ದೇವರು ನಿನ್ನ ಬೆನ್ನನ್ನೂ ಎದೆಯನ್ನೂ ಕಾಪಾಡಲಿ.

ಎಂದೆಂದಿಗೂ ನಿನ್ನ ಅಮ್ಮ,
ಥೋರಾ

ಮರೆತ ಮಾತು: ಸೋಮವಾರ ಬೆಳಿಗ್ಗೆ. ಅಂಚೆಯ ವ್ಯಾನು ಬರಲು ಕಾಲು ಗಂಟೆಯಿದೆ, ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ನಾನು ಬೋರ್ಡಿನ ಕಡೆ ತಿರುಗಿದ್ದೆ ಎಂದು ಬರೆದದ್ದು ಸುಳ್ಳು. ನಾನು ಮಕ್ಕಳ ಕಡೆಗೇ ನಿಂತಿದ್ದೆ. ನೀನು ಬಲಗೈ ಎತ್ತಿದ್ದೆ, ಅದು ಸೋತಾಗ ಎಡಗೈಯಿಂದ ಅದನ್ನು ಎತ್ತಿ ಹಿಡಿದಿದ್ದೆ. ಹಿಂದೆ ಅರ್ಡಿಸ್ ನೋಡುತ್ತಿದ್ದರು. ಇನ್ನೊಂದು ಲೆಕ್ಕ ಮುಗಿಯಲಿ, ಇನ್ನೊಂದು ಮುಗಿಯಲಿ ಎಂದುಕೊಂಡೆ. ಈಗ ಶಾಲೆಗೆ ಹೋಗುವ ದಾರಿಯಲ್ಲಿ ಅರ್ಡಿಸ್ ಮನೆಯಲ್ಲಿ ಇಳಿದು ಇದನ್ನು ಹೇಳಿಯೇ ಹೋಗುತ್ತೇನೆ. ಪಿನ್ನು ಕೊಡುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ನಿಜ ಎಂದು ಮಾತ್ರ ನಾನು ಹೇಳುವುದಿಲ್ಲ, ಅದಕ್ಕೆ ನಿನ್ನ ಅಪ್ಪಣೆ ಕೇಳಿದ್ದೇ ನನ್ನ ಹೇಡಿತನ. ನಾನು ನೋಡಿದ್ದೆ ಮಗಳೇ. ನೀನೂ ನನ್ನನ್ನೇ ನೋಡುತ್ತಿದ್ದೆ. ನಾನು ನೋಡಲಿಲ್ಲ ಎಂದು ಹೇಳಿದಾಗಲೆಲ್ಲ ನಿನಗೆ ಗೊತ್ತಿತ್ತು, ಆದರೂ ನನ್ನ ಮಾನ ಉಳಿಸಿ ಇರಲಿ ಬಿಡಿ ಎನ್ನುತ್ತಿದ್ದೆ.